ಬಸ್ಸು ಹೋದ ಮೇಲೆ ಬಂದವರು

ನನ್ನ ಸಿಟ್ಟು ಶಿಗ್ಗಾಂವಿಯ ನಮ್ಮ ಕಾಲೇಜಿನಲ್ಲಿ ಹೆಸರುವಾಸಿ. ‘ಮೃತ್ಯುಂಜಯ ಸರ್ ಬಂದ್ರು’ ಅಂದರೆ ಸಾಕು, ಕಟ್ಟೆಯ ಮೇಲೆ ಕೂತ ಹುಡುಗರು ಎದ್ದು ದಾರಿ ಹಿಡಿಯುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಬಿ.ಕಾಂ. ಹುಡುಗರಿಗೆ ಪಾಠ ಹೇಳುತ್ತಿದ್ದೇನೆ, ಈಗ ವಾಣಿಜ್ಯ ವಿಭಾಗದ ಮುಖ್ಯಸ್ಥ. ಯಾರನ್ನೂ ಸುಮ್ಮಸುಮ್ಮನೆ ಹೊಗಳಿದವನಲ್ಲ. ಅಂಥವನು ಒಬ್ಬ ಅತಿಥಿ ಉಪನ್ಯಾಸಕಿಯ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ ನನಗೇ ನಗು ಬರುತ್ತದೆ. ಬರಲಿ.

ಸುಧಾರಾಣಿ ಮೇಡಂ ರಟ್ಟೀಹಳ್ಳಿಯವರು. ಮೂರು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಒಂದು ಕೈಚೀಲ ಹಿಡಿದು ಬಂದರು. ಕಂಪ್ಯೂಟರ್ ಮೂಲಕ ಸಮಸ್ಯೆ ಬಿಡಿಸುವುದು, ಮಾಹಿತಿ ವ್ಯವಸ್ಥೆ ಅಂತ ಹೊಸ ಪಾಠ ಶುರುವಾಗಿತ್ತು. ಅದನ್ನು ಹೇಳಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬರುತ್ತಿಲ್ಲ ಅಂತ ಒಪ್ಪಿಕೊಳ್ಳಲೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ಲ್ಯಾಬ್ ತೋರಿಸಿದೆ. ಇಪ್ಪತ್ತೆರಡು ಕಂಪ್ಯೂಟರ್, ಓಡುವುದು ಒಂಬತ್ತು. ಹೊಸಬರು ಇಲ್ಲಿ ಮುಖ ಗಂಟಿಕ್ಕುವುದನ್ನು ನಾನು ಕಂಡವನು. ಇವರು ಎಣಿಸಿ, ‘ಒಂಬತ್ತು ಅದಾವಲ್ರಿ ಸರ್, ಸಾಕು’ ಅಂದರು. ಇದ್ಯಾವ ಪ್ರಾಣಿಯಪ್ಪ ಅಂದುಕೊಂಡೆ.

ಮರುವಾರ ಲ್ಯಾಬಿನ ಮುಂದೆ ಹಾಯುತ್ತಿದ್ದೆ. ಒಳಗೆ ತಗಡಿನ ಡಬ್ಬಿಗಳ ಸದ್ದು. ನೋಡಿದರೆ ನೆಲದ ಮೇಲೆ ಹನ್ನೆರಡು ಹಿಟ್ಟಿನ ಡಬ್ಬಿ, ಸುತ್ತ ನನ್ನ ಬಿ.ಕಾಂ. ಹುಡುಗರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ! ತಲೆ ಕೆಟ್ಟುಹೋಯಿತು.

‘ಏನ್ರೀ ಮೇಡಂ ಇದು? ಕಾಲೇಜೋ, ಗಿರಣಿಯೋ?’

‘ಗಿರಣೀನ ರೀ ಸರ್’ ಅಂದರು ಅವರು, ಒಂಚೂರೂ ಅಂಜದೆ. ‘ನಮ್ಮ ಅಪ್ಪಂದು ರಟ್ಟೀಹಳ್ಳ್ಯಾಗ ಗಿರಣಿ ಐತಿ. ಉಳವಪ್ಪನ ಗಿರಣಿ ಅಂದ್ರ ಯಾರರ ಹೇಳ್ತಾರ. ನಾ ಮಾಹಿತಿ ವ್ಯವಸ್ಥೆ ಕಲ್ತಿದ್ದು ಅಲ್ಲೇ. ಬರ್ರಿ, ಕುಂತ್ರಿ.’

ನಾನು ಕೂರಲಿಲ್ಲ. ಬಾಗಿಲಲ್ಲಿ ನಿಂತೆ. ಬೈಯಲು ಸರಿಯಾದ ಹೊತ್ತು ಸಿಗಲಿ ಅಂತ.

ಸಂಗತಿ ಇಷ್ಟು. ಗಿರಣಿಗೆ ಬಂದವರು ಡಬ್ಬಿ ಸಾಲಿಗಿಟ್ಟು ಸಂತೆಗೆ ಹೋಗುತ್ತಾರೆ. ಒಂದರಲ್ಲಿ ಜೋಳ, ಇನ್ನೊಂದರಲ್ಲಿ ಗೋಧಿ, ಮತ್ತೊಂದರಲ್ಲಿ ಅಕ್ಕಿ. ಬಂದ ಸಾಲಿನಂತೆಯೇ ಬೀಸಿದರೆ ಪ್ರತಿ ಸಲ ಒಬ್ಬರ ಹಿಟ್ಟು ಇನ್ನೊಬ್ಬರದಕ್ಕೆ ಬೆರೆಯುತ್ತದೆ. ಜೋಳವೆಲ್ಲ ಮೊದಲು ಬೀಸೋಣ ಅಂದರೆ ಗೋಧಿ ತಂದವಳ ಬಸ್ಸು ಹೋಗಿಬಿಡುತ್ತದೆ. ಮೇಡಂ ಪ್ರತಿ ಡಬ್ಬಿಯಲ್ಲಿ ಒಂದು ಚೀಟಿ ಹಾಕಿದ್ದರು. ಕಾಳು ಯಾವುದು, ಊರು ಯಾವುದು, ಬಸ್ಸು ಎಷ್ಟಕ್ಕೆ. ಯಾರ ಬಸ್ಸೂ ತಪ್ಪಬಾರದು, ಹಿಟ್ಟು ಬೆರೆಯುವುದು ಆದಷ್ಟು ಕಡಿಮೆ ಆಗಬೇಕು. ಹಚ್ಚಿರಿ ಸಾಲು!

ಹುಡುಗರು ಡಬ್ಬಿ ಎತ್ತಿ ಇಟ್ಟು, ಇಟ್ಟು ಎತ್ತಿ ಜಗಳಾಡಿದರು. ಕೊನೆಗೆ ಹಿಂದೆ ಕೂತಿದ್ದ ಒಬ್ಬ ಹುಡುಗಿ ಎದ್ದು, ‘ಮೊದಲ ಬಸ್ಸು ನೋಡ್ರಿ, ಆಮ್ಯಾಲ ಕಾಳು ನೋಡ್ರಿ’ ಅಂದವಳೇ ಸರಸರ ಹನ್ನೆರಡನ್ನೂ ಜೋಡಿಸಿಬಿಟ್ಟಳು. ಮೇಡಂ ಚಪ್ಪಾಳೆ ತಟ್ಟಿದರು. ‘ಈಗ ಇದನ್ನ ಕಂಪ್ಯೂಟರಿಗೆ ಹೇಳ್ರಿ. ಅದಕ್ಕ ತಾನಾಗೇ ಏನೂ ತಿಳಿಯಂಗಿಲ್ಲ. ನಿಮಗ ತಿಳಿದದ್ದನ್ನ ಅದು ಲಗೂನ ಮಾಡ್ತೈತಿ, ಅಷ್ಟ.’ ಹುಡುಗರು ಪಟ್ಟಿ ತುಂಬಿ, ವೇಳೆಯ ಕಾಲಮ್ ಮೊದಲು, ಕಾಳಿನ ಕಾಲಮ್ ಆಮೇಲೆ ಅಂತ ಒತ್ತಿದರು. ನೆಲದ ಮೇಲಿನ ಸಾಲೇ ಪರದೆಯ ಮೇಲೆ ಮೂಡಿತು. ಎರಡನ್ನೂ ನೋಡುತ್ತ ನಿಂತ ನನಗೆ ಮೈ ಜುಮ್ಮೆಂದಿತು. ಬೈಯುವುದು ಮರೆತೇಹೋಯಿತು.

ಡಬ್ಬಿ ಜೋಡಿಸಿದ ಹುಡುಗಿ ಅಷ್ಟರಲ್ಲಿ ಚೀಲ ಹೆಗಲಿಗೇರಿಸಿ ನನ್ನ ಪಕ್ಕದಿಂದಲೇ ನುಸುಳಿ ಓಡಿದಳು. ಗಂಟೆ ನಾಲ್ಕೂ ಆಗಿರಲಿಲ್ಲ. ತಾಸು ಮುಗಿಯುವುದು ನಾಲ್ಕೂವರೆಗೆ. ‘ಏ, ನಿಲ್ಲಬೇ!’ ಅಂದೆ. ನಿಲ್ಲಲಿಲ್ಲ.

ಅವಳೇ ಮಲ್ಲಿಕಾ. ಬಂಕಾಪುರದಿಂದ ಒಳಗೆ ಹೋದರೆ ಸಿಗುವ ಮಾವಿನಕೊಪ್ಪದ ಹುಚ್ಚಪ್ಪನ ಮಗಳು. ಒಂಬತ್ತೇ ಕಂಪ್ಯೂಟರ್ ಇದ್ದುದರಿಂದ ಎರಡು ತಂಡ ಮಾಡಿದ್ದೆವು. ಮೊದಲ ತಂಡ ಇನ್ನೂ ಬೇಗ ಬಸ್ಸು ಹಿಡಿಯಬೇಕಾದ ಸವಣೂರು, ಹಾನಗಲ್ ಕಡೆಯವರಿಂದ ತುಂಬಿತ್ತು. ಮಲ್ಲಿಕಾಗೆ ಎರಡನೆಯದರಲ್ಲೇ ಜಾಗ. ಹೆದ್ದಾರಿಯ ಮೇಲಿನ ಊರಿನವರಿಗೆ ಗಳಿಗೆಗೊಂದು ಬಸ್ಸು. ಮಾವಿನಕೊಪ್ಪಕ್ಕೆ ಸಂಜೆ ನಾಲ್ಕೂ ಹತ್ತಕ್ಕೆ ಒಂದು, ಬಿಟ್ಟರೆ ಆರೂ ಮುಕ್ಕಾಲಿಗೆ. ಐದು ತಿಂಗಳ ಮಾತು ಒಂದೇ ಸಾಲಿನಲ್ಲಿ ಹೇಳುತ್ತೇನೆ: ಡಿಸೆಂಬರ್ ಹೊತ್ತಿಗೆ ಹಾಜರಿ ಕಡಿಮೆ ಬಿದ್ದವರ ಪಟ್ಟಿ ನನ್ನ ಮೇಜಿಗೆ ಬಂತು, ಮಲ್ಲಿಕಾ ಹೆಸರು ಎಲ್ಲರಿಗಿಂತ ಮೇಲೆ ಇತ್ತು. ನಾನು ರುಜು ಹಾಕಿದರೆ ಅವಳಿಗೆ ಪರೀಕ್ಷೆ ಇಲ್ಲ.

ಹುಚ್ಚಪ್ಪನನ್ನು ಕರೆಸಿದೆವು. ತಲೆಗೆ ಟಾವೆಲ್ ಸುತ್ತಿದ ಗಟ್ಟಿ ಆಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

‘ನಾ ಸಾಲಿ ಬಿಡಸ್ತೇನಿ ಅನ್ನಾಕತ್ತಿಲ್ರಿ ಸರ. ಆರೂ ಮುಕ್ಕಾಲ ಬಸ್ಸಿಗೆ ಬಂದ್ರ ಕತ್ತಲ್ದಾಗ ಇಳದು ಒಬ್ಬಾಕೀನ ಹೊಲದಾಗಿನ ಮನೀ ತನಕ ಎರಡು ಮೈಲಿ ನಡೀಬೇಕು. ನಾಲ್ಕರ ಬಸ್ಸಿಗೆ ಬಂದ್ರ ಕಾಲೇಜು, ಇಲ್ಲಾಂದ್ರ ಮನಿ. ಇದು ಆಕಿಗೂ ಹೇಳೇನಿ.’

ಮಾತು ಖಡಕ್ಕಾಗಿತ್ತು, ಆದರೆ ತಪ್ಪಾಗಿರಲಿಲ್ಲ. ಅವನು ಹೋದ ಮೇಲೆ ಪೆನ್ನು ತೆಗೆದೆ. ಸುಧಾರಾಣಿ ಮೇಡಂ ಪಟ್ಟಿಯ ಮೇಲೆ ಕೈ ಇಟ್ಟರು.

‘ಸರ್, ಇನ್ನ ಆಕಿ ಒಂದೂ ತಾಸು ತಪ್ಪಿಸದಂಗ ಕುಂತ್ರ ಹಾಜರಿ ಸರಿ ಆಗ್ತೈತಿ. ಲೆಕ್ಕಾ ಹಾಕೇನಿ. ಬರೂ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರದ ತನಕ ಟೈಮ್ ಐತಿ. ಅದರಾಚಿ ಒಂದ ತಾಸು ಹೋದ್ರೂ ಮುಗೀತು.’

‘ಬಸ್ಸು ಏನು ನಿಮ್ಮ ಮಾವಂದೇನ್ರೀ, ಹೇಳಿದಾಗ ಬಿಡಾಕ?’

‘ಅಲ್ರಿ’ ಅಂತ ನಕ್ಕರು. ‘ಅದಕ್ಕ ಲೆಕ್ಕಾ ಕೊಟ್ಟು ಕೇಳಬೇಕು. ಹುಡುಗರಿಗೆ ಇದ ಪರೀಕ್ಷಾ.’

ಮರುದಿನದಿಂದ ಲ್ಯಾಬಿನ ಪಾಠವೆಲ್ಲ ಬಸ್ ಸ್ಟ್ಯಾಂಡಿನಲ್ಲಿ. ಸೋಮವಾರ ಹುಡುಗರು ಊರಿಗೊಬ್ಬರಂತೆ ನಿಂತು, ಮಾವಿನಕೊಪ್ಪದ ದಾರಿಗೆ ಎಷ್ಟು ಮಂದಿ ಕಾಯುತ್ತಾರೆ ಅಂತ ಬರೆದು ತಂದರು. ತೊಂಬತ್ನಾಲ್ಕು! ಗುಲ್ನಾಜ ಅನ್ನುವ ಹುಡುಗಿ ಹಾಳೆ ಹಿಡಿದು ಕುಣಿದೇಬಿಟ್ಟಳು. ತೊಂಬತ್ನಾಲ್ಕು ಜನಕ್ಕೆ ಇನ್ನೊಂದು ಬಸ್ಸು ಕೊಡದೆ ಏನು ಮಾಡುತ್ತಾರೆ? ಅಂದೇ ಸಂಜೆ ಡಿಪೋಗೆ ಹೋಗುವುದೆಂದು ಠರಾವಾಯಿತು. ನಾನೂ ಕೋಟು ಹಾಕಿಕೊಂಡೆ.

ಮೇಡಂ ಹಾಳೆ ನೋಡುತ್ತ ನಿಂತುಬಿಟ್ಟರು.

‘ಸೋಮವಾರ ಯಾಕ ಎಣಿಸಿದ್ರಿ?’

‘ಸೋಮವಾರ ಎಲ್ಲಾರೂ ಸಿಗ್ತಾರ್ರೀ ಮೇಡಂ’ ಅಂದಳು ಗುಲ್ನಾಜ.

ಹುಡುಗರು ಅಲ್ಲೇ ಎಡವಿದ್ದರು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನ ವಾರ. ಎತ್ತಿಗೆ ಬಿಡುವಾದರೆ ಒಕ್ಕಲಿಗನಿಗೂ ಬಿಡುವು. ಬೀಜ, ಗೊಬ್ಬರ, ಕಚೇರಿ, ದವಾಖಾನೆ ಎಲ್ಲ ಕೆಲಸಕ್ಕೂ ಊರಿಗೆ ಊರೇ ಅಂದು ಪೇಟೆಗೆ ಬರುತ್ತದೆ. ಒಕ್ಕಲುತನದ ಮನೆಯ ಮಕ್ಕಳಿಗೆ ಇದು ಉಸಿರಾಟದಷ್ಟು ಗೊತ್ತು. ಅಷ್ಟು ಗೊತ್ತಿದ್ದರಿಂದಲೇ ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ, ನನಗೂ ಹೊಳೆದಿರಲಿಲ್ಲ.

‘ಇರ್ಲಿ ಬಿಡ್ರಿ ಮೇಡಂ’ ಅಂದೆ. ‘ಸುಳ್ಳೇನ ಬರದಿಲ್ಲಲ್ಲ. ಮತ್ತ ಎಣಸಾಕ ಕುಂತ್ರ ವಾರ ಹೋಗ್ತೈತಿ. ಹುಡುಗೀದು ಗತಿ ಏನು?’

ಅವರು ಮಲ್ಲಿಕಾಳ ಕಡೆ ನೋಡಿದರು. ಲ್ಯಾಬೆಲ್ಲ ಅವಳ ಕಡೆ ನೋಡಿತು.

‘ಮತ್ತ ಎಣಸೋಣ್ರಿ’ ಅಂದಳು. ‘ಮೇಡಂ, ಬಸ್ಸು ಹೋದಮ್ಯಾಲ ಬಂದವ್ರನ್ನ ಯಾರೂ ಎಣಸಂಗಿಲ್ಲರಿ. ನಾ ದಿನಾ ಕಿಟಕ್ಯಾಗಿಂದ ನೋಡ್ತೇನಿ. ಬುತ್ತಿ ಗಂಟು ಹಿಡಕೊಂಡು ಓಡಿ ಬರ್ತಾರ. ಡ್ರೈವರ್ ನಿಲ್ಲಸಂಗಿಲ್ಲ’ ಅಂದಳು.

ಸುಧಾರಾಣಿ ಮೇಡಂ ಹಾಳೆಗೆ ಇನ್ನೊಂದು ಕಾಲಮ್ ಎಳೆದರು. ನಾನು ಅಷ್ಟು ವರ್ಷ ಹಾಜರಿ ಕರೆದವನು. ಬಂದವರನ್ನು ಎಣಿಸಿದ್ದೇನೆ, ಬಾರದವರ ಮುಂದೆ ಗೀಟು ಎಳೆದಿದ್ದೇನೆ. ಯಾಕೆ ಬಾರದಾದರು ಅಂತ ಬರೆಯಲು ಒಂದು ಕಾಲಮ್ ಬೇಕು ಅಂತ ಒಮ್ಮೆಯೂ ಅನಿಸಿರಲಿಲ್ಲ. ಆ ಹೊತ್ತು ನನಗಾದ ನಾಚಿಕೆ ಇಷ್ಟಿಷ್ಟಲ್ಲ.

ಮಂಗಳವಾರದಿಂದ ಶನಿವಾರದವರೆಗೆ ಐದು ದಿನ ಎಣಿಸಿದರು. ನಾಲ್ಕೂ ಹತ್ತರ ಬಸ್ಸು ಹತ್ತಿದವರು ದಿನಕ್ಕೆ ಸುಮಾರು ಮೂವತ್ತೊಂದು. ತೊಂಬತ್ನಾಲ್ಕು ಎಲ್ಲಿ, ಮೂವತ್ತೊಂದು ಎಲ್ಲಿ! ಆದರೆ ಬಸ್ಸು ಹೋದ ಮೇಲೆ ಐದರೊಳಗೆ ಬಂದವರು ನಲವತ್ಮೂರು. ಯಾರು ಅಂತ ಗುಲ್ನಾಜ ಒಬ್ಬೊಬ್ಬರನ್ನೇ ಕೇಳಿದಳು. ದಲಾಲಿ ಅಂಗಡಿಗಳಲ್ಲಿ ಕಾಳು ಹಸನು ಮಾಡುವ ಹೆಂಗಸರೇ ಹೆಚ್ಚು. ಅವರ ಕೆಲಸವೂ ಬಿಡುವುದು ನಾಲ್ಕೂವರೆಗೆ! ಇನ್ನೊಂದು ಬಸ್ಸು ಬೇಕಾಗಿಯೇ ಇರಲಿಲ್ಲ. ಇದ್ದ ಬಸ್ಸು ಮೂವತ್ತೈದು ನಿಮಿಷ ತಡವಾಗಿ ಹೊರಟರೆ ಸಾಕಿತ್ತು. ಮೇಡಂ ಅಷ್ಟಕ್ಕೂ ಬಿಡಲಿಲ್ಲ. ಈಗ ಹೋಗುತ್ತಿರುವ ಮೂವತ್ತೊಂದು ಮಂದಿಯನ್ನೂ ಕೇಳಿಸಿದರು. ಇಪ್ಪತ್ತಾರು ಜನ ಅಡ್ಡಿಯಿಲ್ಲ ಅಂದರು, ಐದು ಜನ ಬೇಡ ಅಂದರು. ಆ ಐದು ಹೆಸರೂ ಹಾಳೆಯ ಕೊನೆಗೆ ಸೇರಿದವು.

ಸೋಮವಾರ ಡಿಪೋಗೆ ಹೋದೆವು. ಬಸ್ಸುಗಳ ವೇಳೆ ನೋಡಿಕೊಳ್ಳುವ ನಿಯಾಜ ಸಾಹೇಬರು ಕಣ್ಣೆತ್ತದೆಯೇ ಅಂದರು:

‘ಸೋಮವಾರದ ಲೆಕ್ಕಾ ತಂದೀರಿ, ಹೌದಲ್ರಿ? ಎಲ್ಲಾರೂ ಅದನ್ನ ತರ್ತಾರ. ಉಳದ ದಿನಾ ನನ್ನ ಬಸ್ಸು ಖಾಲಿ ಓಡ್ತೈತಿ.’

ಹೋದ ವಾರ ನನ್ನ ಮಾತು ಕೇಳಿದ್ದರೆ ಈ ಬಾಗಿಲು ಅಂದೇ ಮುಚ್ಚುತ್ತಿತ್ತು.

ಮೇಡಂ ಹಾಳೆ ಮುಂದಿಟ್ಟರು. ನಿಯಾಜ ಸಾಹೇಬರು ಕಂಡಕ್ಟರುಗಳ ಟಿಕೆಟ್ ಮಷೀನಿನ ವರದಿ ತೆಗೆದು ಬೆರಳಿಟ್ಟು ತಾಳೆ ನೋಡಿದರು. ಮಂಗಳವಾರ ಹುಡುಗರದು ಮೂವತ್ತು, ಮಷೀನಿನದು ಇಪ್ಪತ್ತೊಂಬತ್ತು. ಬುಧವಾರ ಎರಡೂ ಒಂದೇ. ಗುರುವಾರ ಎರಡರ ಅಂತರ. ಅವರ ಬೆರಳು ನಿಧಾನವಾಯಿತು. ಆಮೇಲೆ ನಲವತ್ಮೂರರ ಕಾಲಮಿಗೆ ಬಂತು.

‘ಇದು ನನ್ನ ಮಷೀನ್ದಾಗ ಇಲ್ಲಲ್ರಿ.’

‘ಅವ್ರಿಗೆ ಬಸ್ಸ ಸಿಕ್ಕಿಲ್ರಿ’ ಅಂದಳು ಮಲ್ಲಿಕಾ. ‘ಟಿಕೆಟ್ ಎಲ್ಲಿಂದ ಬರ್ಬೇಕು?’

ನಿಯಾಜ ಸಾಹೇಬರು ಕನ್ನಡಕ ತೆಗೆದು ಹುಡುಗಿಯನ್ನು ನೋಡಿದರು. ಕೊನೆಯ ಐದು ಹೆಸರು ಓದಿದರು. ‘ಯಾ ಅಲ್ಲಾ! ಬ್ಯಾಡ ಅಂದವ್ರನ್ನೂ ಬರಕೊಂಡು ಬಂದೀರಿ! ಇಂಥಾ ಅರ್ಜಿ ನನ್ನ ಸರ್ವೀಸಿನ್ಯಾಗ ನೋಡಿಲ್ರಿ’ ಅಂತ ಎದ್ದೇ ನಿಂತರು. ಮೇಲಿನವರಿಗೆ ಫೋನು ಹೋಯಿತು. ಗುರುವಾರದಿಂದ ಹದಿನೈದು ದಿನ ನಾಲ್ಕೂ ನಲವತ್ತೈದಕ್ಕೆ ಬಿಟ್ಟು ನೋಡುವುದು, ಬಸ್ಸು ತುಂಬಿದರೆ ಕಾಯಂ ಮಾಡುವುದು ಎಂದಾಯಿತು.

ಗುರುವಾರ ನಾಲ್ಕು ಗಂಟೆಗೆ ನನಗೆ ಕೋಣೆಯಲ್ಲಿ ಕೂರಲಾಗಲಿಲ್ಲ. ಬಸ್ಸು ಬದಲಾಗಿದೆ ಸರಿ, ಆ ಅಪ್ಪ ಬದಲಾಗಬೇಕಲ್ಲ? ಐದೂವರೆಗೆ ಊರು ಮುಟ್ಟುವುದನ್ನು ಅವನು ಒಪ್ಪಿದನೋ ಇಲ್ಲವೋ, ಮಲ್ಲಿಕಾ ಬಾಯಿ ಬಿಟ್ಟಿರಲಿಲ್ಲ. ಲ್ಯಾಬಿನ ಕಡೆ ನಡೆದೆ. ಬಾಗಿಲ ಹೊರಗೆ ಹುಡುಗರ ಚಪ್ಪಲಿಗಳ ನಡುವೆ ಒಂದು ಜೋಡಿ ದೊಡ್ಡ ಕೆರ ಇತ್ತು, ಅಟ್ಟೆಗೆ ಎರೆಮಣ್ಣು ಮೆತ್ತಿತ್ತು. ಟಾವೆಲ್ ಕೈಯಲ್ಲಿ ಹಿಡಿದು ಹುಚ್ಚಪ್ಪ ಕಿಟಕಿಯಲ್ಲಿ ಇಣುಕುತ್ತಿದ್ದ.

ಕರೆದೊಯ್ಯಲು ಬಂದನೇ?

‘ಏನೋ ಹುಚ್ಚಪ್ಪ, ಇವತ್ತ ಗುರುವಾರ. ಗಳೇ ಬಿಟ್ಟು ಬಂದೀಯಲ್ಲ?’

‘ಎತ್ತು ಒಂದಿನಾ ನಿಂತ್ರ ಏನೂ ಆಗಂಗಿಲ್ರಿ ಸರ’ ಅಂದ ಪಿಸುದನಿಯಲ್ಲಿ. ‘ಬಸ್ಸಿನ ಟೈಮ ಬದಲಿ ಮಾಡ್ಸೇನಿ ಅಂದ್ಲು. ಸುಳ್ಳ ಹೇಳ್ತಾಳಂತ ಬೈದಿದ್ದೆ. ಬಸ್ ಸ್ಟ್ಯಾಂಡಿನ್ಯಾಗ ಬೋರ್ಡು ನೋಡಿದೆ, ಖರೇನ ಐತಿ. ಈಕಿ ಮಾಡೂದು ಏನಂತ ನೋಡಾಕ ಬಂದೆ.’

ಒಳಗೆ ಸುಧಾರಾಣಿ ಮೇಡಂ ಹಲಗೆಯ ಹತ್ತಿರ ಇದ್ದರು. ಗಡಿಯಾರದಲ್ಲಿ ನಾಲ್ಕೂ ಹತ್ತು. ನಾನು ಮಲ್ಲಿಕಾಳ ಕೈ ನೋಡುತ್ತಿದ್ದೆ. ಐದು ತಿಂಗಳಿಂದ ಈ ಹೊತ್ತಿಗೆ ಬಸ್ಸಿನ ಕಿಟಕಿ ಹಿಡಿದಿರುತ್ತಿದ್ದ ಕೈ ಕೀಲಿಮಣೆಯ ಮೇಲೆಯೇ ಇತ್ತು. ನಾಲ್ಕೂ ಹದಿನೈದು ಆಯಿತು, ಇಪ್ಪತ್ತಾಯಿತು, ಹುಡುಗಿ ಪರದೆಯಿಂದ ಮುಖ ಎತ್ತಲಿಲ್ಲ.

‘ಒಳಗ ಬಾ’ ಅಂದೆ ಹುಚ್ಚಪ್ಪನಿಗೆ.

‘ಬ್ಯಾಡ್ರಿ’ ಅಂದ ಅವನು, ಕಣ್ಣು ಒರೆಸಿಕೊಳ್ಳುತ್ತ. ‘ಆಕಿ ಎದ್ದುಗಿದ್ದಾಳು. ಕುಂದರ್ಲಿ.’

ನಾಲ್ಕೂವರೆಯವರೆಗೆ ನಾವಿಬ್ಬರೂ ಆ ಕಿಟಕಿಯಲ್ಲಿ ನಿಂತಿದ್ದೆವು. ಆಮೇಲೆ ನಾನು ಕೋಣೆಗೆ ಬಂದು ಹಾಜರಿ ಕಡಿಮೆ ಬಿದ್ದವರ ಪಟ್ಟಿ ತೆಗೆದು, ಮೊದಲನೆಯ ಹೆಸರನ್ನು ಹೊಡೆದು ಹಾಕಿದೆ.