ಡೆನ್ಮಾರ್ಕಿನ ದೀಪ ಮತ್ತು ನಮ್ಮತ್ತೆ

ಗುರುವಾರ ಬೆಳಿಗ್ಗೆ ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದೆ. ಮೈದುನನ ಫೋನು ಬಂತು. ಅಕ್ಕಲಕೋಟ ರಸ್ತೆಯಲ್ಲಿ ಅವತ್ತು ನಮ್ಮ ಚಾದರದ ಹೊಸ ಶೋರೂಮಿನ ಉದ್ಘಾಟನೆ. ಎಲ್ಲರೂ ಅಲ್ಲಿ. ಸೋಲಾಪುರದ ಮನೆಯಲ್ಲಿ ಮೆಟ್ಟಿಲು ಹತ್ತಲಾಗದ ಅತ್ತೆ, ಅವರ ಜೊತೆಗೆ ನಾನು.

"ವೈನಿ, ಆ ಟೇಬಲ್ ದೀಪದ ಬಟನ್ ಎಲ್ಲದರಿ? ಮಂದಿ ಎಲ್ಲಾ ನಿಂತಾರ. ಅವ್ವನ್ನ ಕೇಳ್ರಿ, ಲವಕರ, ಲಗೂನ."

ಯಾವ ದೀಪ ಅಂತೀರಾ? ಮೊನ್ನೆವರೆಗೆ ಅತ್ತೆಯ ಮಂಚದ ಪಕ್ಕದಲ್ಲಿತ್ತು. ಕಬ್ಬಿಣದ ಬುಡ, ಬಗ್ಗುವ ಕುತ್ತಿಗೆ, ತಗಡಿನ ಟೊಪ್ಪಿಗೆ. ಹಿಂದೆ ಗಿರಣಿಯೊಂದು ಮುಚ್ಚಿ, ಸಾಹೇಬರ ಬಂಗಲೆಯ ಸಾಮಾನು ಲಿಲಾವಿಗೆ, ಅಂದರೆ ಹರಾಜಿಗೆ, ಬಂದಾಗ ಮಾವ ತಂದದ್ದು.

ತಂದದ್ದು ಮಾವ, ಸರಿ. ಅದರ ಕೆಳಗೆ ಕುಳಿತದ್ದು ಅತ್ತೆ. ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ನವಿಲು, ಕಮಲ, ಬಳ್ಳಿ ಬರೆಯುತ್ತಿದ್ದರು. ನೇಕಾರರು ಅದನ್ನು ನೋಡಿ ಮಗ್ಗಕ್ಕೆ ಇಳಿಸುತ್ತಿದ್ದರು. ಬಿಸಿ ತಗಡು ತಾಗಿದ ಗುರುತು ಅವರ ಎಡಹುಬ್ಬಿನ ಮೇಲೆ ಇನ್ನೂ ಇದೆ. (ಮದುವೆಯಾಗಿ ಬಂದ ಹೊಸತರಲ್ಲಿ ನಾನದನ್ನು ಸಿಡುಬಿನ ಕಲೆ ಅಂದುಕೊಂಡಿದ್ದೆ.)

ಮೈದುನನ ಮಗಳು, ಸಾಯಲಿ ಅಂತ ಹೆಸರು, ಪುಣೆಯಲ್ಲಿ ಡಿಸೈನ್ ಓದುತ್ತಾಳೆ. ಹೋದ ತಿಂಗಳು ಬಂದವಳು ದೀಪದ ಬುಡದಲ್ಲಿದ್ದ ಅಚ್ಚಿನ ಫೋಟೋ ತೆಗೆದು ಹುಡುಕಿದಳು. ಡೆನ್ಮಾರ್ಕಿನದಂತೆ. ವಿಂಟೇಜ್ ಅಂತೆ. ಅಲ್ಲಿಯವರೆಗೆ ಅದನ್ನು ಗುಜರಿ ಮಾಲೆಂದು "ಆ ಭಂಗಾರ ತಗೀರಿ" ಎನ್ನುತ್ತಿದ್ದ ಮೈದುನ ಗಾಜಿನ ಪೆಟ್ಟಿಗೆ ಮಾಡಿಸಿದ. ಮರಾಠಿಯಲ್ಲೊಂದು, ಇಂಗ್ಲಿಷಿನಲ್ಲೊಂದು ಬೋರ್ಡು: ಇದೇ ದೀಪದ ಬೆಳಕಿನಲ್ಲಿ ನಮ್ಮ ತಂದೆಯವರು ಚಾದರಗಳ ಡಿಸೈನ್ ಬರೆದರು.

"ಭಾವುಜಿ, ಬರದಾಕಿ ಅವ್ವ ಅಲ್ರೀ?" ಎಂದೆ.

"ಹೌದ್ರಿ ವೈನಿ, ನನಗ ಗೊತ್ತಿಲ್ಲೇನು? ಖರೆ, ಗಿರಾಕಿಗೆ ಅಪ್ಪನ ಹೆಸರು ಗೊತ್ತು."

ನಮ್ಮವರು ಪೇಪರಿನಿಂದ ಮುಖ ಎತ್ತಲಿಲ್ಲ. ನಾನು? ದೀಪ ಒರೆಸಿ, ಹಳೆ ಚಾದರದಲ್ಲಿ ಸುತ್ತಿ ಕೊಟ್ಟೆ. ಬೋರ್ಡಿನ ಮಾತನ್ನು ಮಾತ್ರ ಅತ್ತೆಯ ಕಿವಿಗೆ ಹಾಕಲಿಲ್ಲ.

ಈಗ ಫೋನು ಕೈಯಲ್ಲಿ. ಜಪಮಾಲೆ ಹಿಡಿದು ಕುಳಿತಿದ್ದ ಅತ್ತೆಯನ್ನು ಕೇಳಿದೆ.

"ಟೊಪ್ಪಿಗಿ ಮ್ಯಾಲ ತಿರುಪು ಅದ, ಬಲಕ್ಕ ತಿರುವು ಅನ್ನು. ಅವರಪ್ಪನೂ ಹಿಂಗ ತಡಕಾಡತಿದ್ರು." ಒಂದು ಮಣಿ ಸರಿಸಿ ಮತ್ತೆ ಅಂದರು, "ಲಗೂನ ಹೇಳವಾ. ಮಂದಿ ಮುಂದ ನಿಂತಾನ ಪಾಪ."

ಹೇಳಿದೆ. ಫೋನಿನಲ್ಲಿ ಚಪ್ಪಾಳೆ ಕೇಳಿಸಿತು. ಒಲೆಯ ಹತ್ತಿರ ಓಡಿ ಬಂದು ನೋಡಿದರೆ ಶೇಂಗಾ ಸೀದಿರಲಿಲ್ಲ. ಅಕ್ಕಲಕೋಟ ಸ್ವಾಮಿಗಳ ದಯೆ, ಅಷ್ಟಾದರೂ ಉಳಿಯಿತು.

ಮಧ್ಯಾಹ್ನ ಸಾಯಲಿ ಪೇಢೆ ತಂದಳು. ಅಜ್ಜಿಯ ಕೈಗೊಂದು ಕೊಟ್ಟು, ಮಂಚದ ತುದಿಯಲ್ಲಿ ಕುಳಿತು, ದೀಪ ಮಾಡಿದವರ ಚರಿತ್ರೆಯನ್ನು ಫೋನಿನಲ್ಲಿ ತೆಗೆದು ಹೇಳತೊಡಗಿದಳು. ಡೆನ್ಮಾರ್ಕಿನ ಒಂದು ಸಣ್ಣ ಊರು. ಒಬ್ಬ ಕಮ್ಮಾರ. ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಸೂಜಿಯ ಹತ್ತಿರ ಬೆಳಕು ಬೇಕೆಂದು ತಂತಿ ಬಗ್ಗಿಸಿ, ದೀಪದ ಕುತ್ತಿಗೆ ಹೀಗಿರಲಿ ಎಂದು ತೋರಿಸಿದವಳು ಅವಳೇ. ಮುಂದೆ ಕಾರ್ಖಾನೆಯಾಯಿತು. ಪ್ರತಿ ದೀಪದ ಬುಡದಲ್ಲೂ ಗಂಡನ ಹೆಸರು ಬಿತ್ತು. ಅವಳ ಹೆಸರನ್ನು ಯಾರೂ ಬರೆದಿಡಲೇ ಇಲ್ಲವಂತೆ.

"ಬಘಾ ಕಾಕು, ನೋಡ್ರಿ, ಎಷ್ಟ್ ಅನ್ಯಾಯ ಅದ. ಎಲ್ಲಾ ಆಕೀನೇ ಮಾಡ್ಯಾಳ, ಆಕೀದು ಹೆಸರೇ ಇಲ್ಲ. ನಾ ಇದರ ಮ್ಯಾಲ ಪೋಸ್ಟ್ ಹಾಕಾಕಿ," ಎಂದು ನನ್ನತ್ತ ತಿರುಗಿದಳು.

ಹುಡುಗಿಯ ಸಂಕಟ ನಿಜವಾದದ್ದೇ. ಸುಳ್ಳು ಹೇಳಬಾರದು. ಆದರೆ ನನ್ನ ನಾಲಿಗೆ ತಡೆಯಲಿಲ್ಲ.

"ನಿಮ್ಮಜ್ಜಿ ಹೆಸರು ಬೋರ್ಡಿನ ಮ್ಯಾಲ ಅದೇನವಾ?"

"ಅಜ್ಜೀದು?" ಅವಳು ನನ್ನ ಮುಖ ನೋಡಿದಳು. "ಅಜ್ಜೀದು ಯಾಕ? ಡಿಸೈನ್ ಅಜ್ಜ ಮಾಡತಿದ್ರಲ್ಲ? ಪಪ್ಪಾ ಹಂಗ ಬರಸ್ಯಾರ."

ಅತ್ತೆಯ ಬಾಯಲ್ಲಿ ಪೇಢೆ ಒಂದು ಕ್ಷಣ ನಿಂತಿತು. ಆ ಮಾತನ್ನು ನಾನು ಅವರೆದುರು ತೆಗೆಯಬಾರದಿತ್ತು. ಮಗ ಏನು ಬರೆಸಿದ್ದಾನೆಂದು ಅವರಿಗೆ ತಿಳಿದದ್ದು ಹೀಗೆ, ನನ್ನಿಂದ. ಅವರು ಮೆಲ್ಲಗೆ ನುಂಗಿದರು. ಸೆರಗಿನಿಂದ ತುಟಿ ಒರೆಸಿಕೊಂಡರು.

"ಕೂಸು ಬಿಸಲಾಗ ಬಂದದ. ಚಾ ಮಾಡವಾ ಆಕಿಗಿ," ಎಂದರು.

ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಡೆನ್ಮಾರ್ಕಿನ ಹೆಂಗಸಿಗೆ ಮರುಗುವುದು ಸುಲಭ, ಅವಳ ಬೋರ್ಡನ್ನು ನಮ್ಮ ಮನೆಯವರು ಬರೆಸಬೇಕಾಗಿಲ್ಲವಲ್ಲ?