ಬೀಗದ ಬಾಗಿಲಿಗೆ ಮೂರು ಕೂಗು

ಅಂದು ವೀರಭದ್ರಪ್ಪನ ಬಾಗಿಲ ಮುಂದೆ ನಿಂತು ಮೂರು ಸಲ ಕೂಗಿದವನು ನಾನು — ರಸೂಲ್ ಉಸ್ತಾದನಲ್ಲ. ಬಾಗಿಲಿಗೆ ಬೀಗ ಹಾಕಿತ್ತು. ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು. ಕಂಡೂ ಕೂಗಿದೆ.

ಆದರೆ ಮೊದಲೇ ಹೇಳಿಬಿಡುತ್ತೇನೆ — ಆ ಮನೆ ಮಾರಿಸಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಅದಕ್ಕಾಗಿ ತಪ್ಪೊಪ್ಪಿಗೆ ಬರೆಸಬೇಕೆಂದಿರುವವರು ಬೇರೆ ಬರಹಗಾರನನ್ನು ಹುಡುಕಿಕೊಳ್ಳಲಿ.

ನಾನು ಬೀದರಿನ ಕಚೇರಿಯ ಮುಂದೆ ಕೂತು ಛಾಪಾ ಕಾಗದ ಬರೆಯುವವನು. ಗಂಗವ್ವ ನಮ್ಮ ಓಣಿಯ ವಿಧವೆ. ಮನೆ ಮಾರಿ ಔರಾದಿನಲ್ಲಿರುವ ಮಗಳ ಹತ್ತಿರ ಹೋಗಬೇಕೆಂದಿದ್ದಳು; ಅಳಿಯನ ಮನೆಯ ಹೊಸ್ತಿಲನ್ನು ಬರಿಗೈಯಲ್ಲಿ ತುಳಿಯಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಅವಳ ಮನೆಗೂ ಬಟ್ಟೆ ವ್ಯಾಪಾರಿ ವೀರಭದ್ರಪ್ಪನ ಮನೆಗೂ ಗೋಡೆ ಒಂದೇ. ಮನೆ ಮಾರುವ ಮುಂಚೆ ಗೋಡೆ ಹಂಚಿಕೊಂಡವನ ಬಾಗಿಲಿಗೆ ಹೋಗಿ, ಸಾಕ್ಷಿಗಳ ಎದುರು ಮೂರು ಸಲ ಕೂಗಿ ಕೇಳುವುದು ನಮ್ಮಲ್ಲಿ ರೂಢಿ. ತನಗೆ ಬೇಕೆಂದರೆ ಅವನಿಗೇ ಕೊಡಬೇಕು. ಉತ್ತರ ಬಾರದಿದ್ದರೆ ಬೇರೆಯವರಿಗೆ ಮಾರಬಹುದು. ವೀರಭದ್ರಪ್ಪನಿಗೆ ಮನೆ ಬೇಕಿತ್ತು — ಬಿಟ್ಟಿಯಾಗಿ ಬೇಕಿತ್ತು. ಬಂದ ಗಿರಾಕಿಗಳನ್ನೆಲ್ಲ ಹೆದರಿಸಿ ಓಡಿಸುತ್ತಿದ್ದ. ಒಬ್ಬನಿಗೆ ಮಾಳಿಗೆ ಕುಸಿಯುತ್ತದೆಂದ, ಇನ್ನೊಬ್ಬನಿಗೆ ಬುನಾದಿಯಲ್ಲಿ ಹಾವಿದೆಯೆಂದ. ಹಾವು ಇದ್ದದ್ದು ಗೋಡೆಯ ಆಚೆ ಬದಿಗೆ!

ಅವನು ಮನೆಮಂದಿಯೊಂದಿಗೆ ಮದುವೆಗೆಂದು ಭಾಲ್ಕಿಗೆ ಹೋದಾಗ ನಾವು ನಾಲ್ವರು ಒಂದಾದೆವು. ದಲ್ಲಾಳಿ ಮಾರುತಿ ಮನೆ ಕೊಳ್ಳಲು ಜನವಾಡದ ಶಾಲಾ ಮಾಸ್ತರರೊಬ್ಬರನ್ನು ಕರೆತಂದ. ಗೌಂಡಿ ರಸೂಲ್ ಉಸ್ತಾದ ಮಾಳಿಗೆ ದುರಸ್ತಿಯ ನೆಪದಲ್ಲಿ ಇಡೀ ಮನೆಗೆ ಹಗ್ಗ ಹಿಡಿದು ಅಳೆದ; ಗೋಡೆ ಬಡಿದು ತೋರಿಸಿ ಮಾಸ್ತರರ ಹೆದರಿಕೆ ಬಿಡಿಸಿದ. ಬಾಯಿ ಸುಮ್ಮನಿರದ ಗಂಗವ್ವ ಹಲ್ಲುನೋವೆಂದು ದವಡೆಗೆ ಬಟ್ಟೆ ಕಟ್ಟಿಕೊಂಡು ಎರಡು ದಿನ ಓಣಿಯಲ್ಲಿ ಮಾತೇ ಆಡಲಿಲ್ಲ. ಎಲ್ಲರಿಗಿಂತ ಕಷ್ಟದ ಕೆಲಸ ಅವಳದೇ. ಕೂಗಿದ್ದು ನಾನು, ಬರೆದದ್ದೂ ನಾನು: “ಮೂರು ಸಲ ಕೂಗಿ ಕೇಳಲಾಯಿತು, ಉತ್ತರ ಬರಲಿಲ್ಲ.” ಒಂದಕ್ಷರ ಸುಳ್ಳಿಲ್ಲ. ಬೀಗದ ಮಾತು ಮಾತ್ರ ಬರೆಯಲಿಲ್ಲ. ಉಸ್ತಾದ, ಮಾರುತಿ ಸಾಕ್ಷಿ ಹಾಕಿದರು, ಕಚೇರಿಯಲ್ಲಿ ಮೊಹರು ಬಿತ್ತು. ನಾಲ್ವರಲ್ಲಿ ಒಬ್ಬರು ಹಿಂಜರಿದಿದ್ದರೂ ಗಂಗವ್ವ ಆ ಗೋಡೆಯ ಪಕ್ಕದಲ್ಲೇ ಕೊರಗಿ ಸಾಯುತ್ತಿದ್ದಳು. ಔರಾದಿನ ಗಾಡಿ ಹತ್ತಿದ ಮೇಲೆಯೇ ಅವಳು ದವಡೆಯ ಬಟ್ಟೆ ಬಿಚ್ಚಿದ್ದು. ಇವತ್ತೂ ಅಂಥ ಗಂಗವ್ವ ಬಂದರೆ ಇವತ್ತೂ ಹಾಗೆಯೇ ಬರೆಯುತ್ತೇನೆ.

ನನ್ನ ಪಾಪ ಇರುವುದು ಆಮೇಲೆ.

ಭಾಲ್ಕಿಯಿಂದ ಮರಳಿದ ವೀರಭದ್ರಪ್ಪ ಓಣಿಯ ಹಿರಿಯರನ್ನು ಸೇರಿಸಿದ.

“ಯಾವನಂವ ನನ್ನ ಬಾಗಲಾಗ ನಿಂತು ಕೂಗ್ದವ? ಬೀಗ ಕಾಣ್ಲಿಲ್ಲೇನು ಕಣ್ಣಿಗಿ?”

ಬೇಕೆಂತಲೇ ಮಾಡಿದ್ದೆಂದು ಗೊತ್ತಾದರೆ ಕಾಗದ ರದ್ದಾಗುತ್ತಿತ್ತು. ನಾನು ಬಾಯಿ ತೆರೆದೆ... ಇಲ್ಲ, ತೆರೆಯಲಿಲ್ಲ. ಇಲ್ಲಿಯೂ ಸುಳ್ಳು ಬರೆಯಬಾರದು. ತಲೆ ತಗ್ಗಿಸಿ ನಿಂತಿದ್ದೆ. ಉಸ್ತಾದ ಒಮ್ಮೆ ನನ್ನ ಕಡೆ ನೋಡಿ ಮುಂದೆ ಬಂದ.

“ನಾ ಕೂಗೀನ್ರಿ ಸಾವುಕಾರ್ರೆ. ನನ್ನ ಕಣ್ಣು ಮಂಜಾಗ್ಯಾವ್ರಿ, ಬೀಗ ಕಾಣ್ಲಿಲ್ಲ. ನಾ ಹೇಳಿದ್ದು ಇವರು ಬರದಾರ್ರಿ, ಅಷ್ಟೇ.”

ಮುದುಕನ ಕಣ್ತಪ್ಪು ಎಂದು ಹಿರಿಯರು ಎದ್ದು ಹೋದರು. ಕಾಗದ ಉಳಿಯಿತು. ಆದರೆ ಕಣ್ಣು ಕಾಣದ ಗೌಂಡಿಯ ಕೈಗೆ ಗೋಡೆ ಕೊಡುವವರು ಯಾರು? ಓಣಿಯ ಆ ತುದಿಯಲ್ಲಿ ನಿಂತು ಈ ತುದಿಯ ಗೋಡೆ ಕೂದಲೆಳೆಯಷ್ಟು ವಾಲಿದ್ದನ್ನು ಹೇಳುತ್ತಿದ್ದವನು ಅವನು. ಬೀದರಿನಲ್ಲಿ ಮತ್ತೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಚಿಂತಾಕಿಗೆ ಹೋಗಿ ಇನ್ನೊಬ್ಬರ ಹೊಲ ಕಾಯತೊಡಗಿದ.

ತಕರಾರಿಗಿದ್ದ ಒಂದು ವರ್ಷದ ಗಡುವು ಕಳೆದ ಮೇಲೆ ಆ ಕಾಗದವನ್ನು ಯಾರೂ ಅಲುಗಿಸುವಂತಿರಲಿಲ್ಲ. ಆಗಲಾದರೂ ನಾನು ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ವೀರಭದ್ರಪ್ಪ ತನ್ನ ಕಾಗದಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದ — ಹೇಳಿದ್ದನ್ನಷ್ಟೇ ಬರೆಯುವ ಪ್ರಾಮಾಣಿಕನಂತೆ ನಾನು! ಆ ಹೊಗಳಿಕೆ ಕೇಳುತ್ತ ಹದಿನೆಂಟು ವರ್ಷ ಕೂತೆ. ನಾಲ್ವರು ಸೇರಿ ಮಾಡಿದ ಕೆಲಸದ ಪೆಟ್ಟನ್ನು ಒಬ್ಬನ ಮೈಮೇಲೆ ಬಿಟ್ಟೆ. ನಾಚಿಕೆಯೆನಿಸುವುದು ಇದೊಂದಕ್ಕೇ, ಮೈಯೆಲ್ಲ ಉರಿಯುವಷ್ಟು ನಾಚಿಕೆ.

ಮೊನ್ನೆ ಚಿಂತಾಕಿಯಿಂದ ಬಂದ ಗಾಡಿಯವನು ಹೇಳಿದ: ಉಸ್ತಾದನ ಕಣ್ಣು ಈಗ ನಿಜವಾಗಿಯೂ ಮಂಜಾಗಿವೆಯಂತೆ.

ನಾಳೆ ಮುಂಜಾನೆ ವೀರಭದ್ರಪ್ಪ ಮನೆಯಲ್ಲಿರುವಾಗಲೇ, ಓಣಿಯ ಜನರ ಎದುರು, ಅದೇ ಬಾಗಿಲ ಮುಂದೆ ನಿಲ್ಲುತ್ತೇನೆ. ಮೂರು ಸಲ ಕೂಗುತ್ತೇನೆ — ಉಸ್ತಾದನ ಕಣ್ಣು ಅಂದು ಚೆನ್ನಾಗಿದ್ದವು, ಬೀಗ ಕಂಡೂ ಕೂಗಿದವನು ನಾನು ಎಂದು. ಆಮೇಲೆ ಚಿಂತಾಕಿಯ ದಾರಿ ಹಿಡಿಯುತ್ತೇನೆ. ಅವನಿಗೆ ನನ್ನ ಮುಖ ಕಾಣದಿದ್ದರೆ ಹೆಸರು ಹೇಳುತ್ತೇನೆ.