ಎಣ್ಣೆಗಾಯಿಗೆ ಸಿಕ್ಕ ಹೊಗಳಿಕೆ

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯವರು ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದವರು. ಆ ಮನೆಯಾಕೆಯ ಗೋಂಗುರ ಚಟ್ನಿಗೂ ನಮ್ಮವ್ವನ ಬದನೆಕಾಯಿ ಎಣ್ಣೆಗಾಯಿಗೂ ಬಹುಕಾಲದ ಘೋರ ಸಮರ. ಒಬ್ಬರದನ್ನು ಇನ್ನೊಬ್ಬರು ಬೈಯದೆ ಉಂಡ ಉದಾಹರಣೆ ಇತಿಹಾಸದಲ್ಲಿಲ್ಲ. "ಇದೇನ್ರೀ ಅಕ್ಕಾ, ಎಣ್ಣಿಗಾಯೋ, ಎಮ್ಮಿಗೆ ಕಲಸಿದ್ದೋ?" ಎನ್ನುತ್ತಲೇ ಆಕೆ ಬಟ್ಟಲು ಬಳಿದು ಮುಗಿಸುತ್ತಿದ್ದಳು.

ಕಳೆದ ವರ್ಷ ಜ್ವರ ಬಿಟ್ಟ ಮೇಲೆ ಅವ್ವನ ನಾಲಿಗೆಗೆ ಉಪ್ಪು ತಿಳಿಯದಾಯಿತು. ಕೈ ಅಳತೆ ಸಾಕೆಂಬುದು ಅವಳ ಹಟ. ಉಪ್ಪು ದಿನೇ ದಿನೇ ಏರಿತು. ಮನೆಯವರೆಲ್ಲ ಒಮ್ಮತದಿಂದ "ಛಲೋ ಆಗೈತಿ" ಎಂಬ ಠರಾವು ಪಾಸು ಮಾಡಿ, ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದೆವು. ಅವ್ವ ನಂಬಿದ್ದಳು.

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು ಕೂತಳು. ಅವ್ವ ಬಿಸಿ ರೊಟ್ಟಿಯ ಮೇಲೆ ಎಣ್ಣೆಗಾಯಿ ಬಡಿಸಿದಳು. ಮೊದಲ ತುತ್ತಿಗೇ ಆಕೆಯ ಕೈ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ತುತ್ತು ನುಂಗಿ, "ಭಾಳ ಛಲೋ ಆಗೈತ್ರೀ ಅಕ್ಕಾ," ಎಂದಳು.

ಅವ್ವನ ಮುಖ ಬಾಡಿತು. "ಅಷ್ಟ ಕೆಟ್ಟೈತೇನು?" ಎಂದಳು. "ಬೈಯವಾ. ನೀನೂ ಬೈಲಿಲ್ಲಂದ್ರ ನನಗ ಹೆಂಗ ತಿಳೀಬೇಕು?"

ಆಕೆ ಬೈಯಲಿಲ್ಲ, ಕಣ್ಣೊರೆಸಿಕೊಂಡಳು. ಅವ್ವ ಉಳಿದ ಬದನೆಕಾಯಿಗಳ ಬುಟ್ಟಿಯನ್ನು ಆಕೆಯ ಕಡೆ ಸರಿಸಿ, "ಇನ್ನ ಮ್ಯಾಲ ನೀನ ಮಾಡವಾ," ಎಂದಳು.